ಮುಂಬಾಗಿಲ ಚರಿತ್ರೆ, ಹಿತ್ತಲ ಗಲ್ಲಿ

ದಸರೆ ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ರೂಢಿ ಬಂದಿದೆ. ಪುರಾತತ್ವ ಮತ್ತು ಪರಂಪರೆ ಇಲಾಖೆಯವರು 'ಪಾರಂಪರಿಕ ನಡಿಗೆ' ಅಂತ ಏರ್ಪಾಡು ಮಾಡುತ್ತಾರೆ. ಬೆಳಿಗ್ಗೆ ಪುರಭವನದ ಮುಂದೆ ಜನ ಸೇರುತ್ತಾರೆ. ಇತಿಹಾಸ ಬಲ್ಲವರೊಬ್ಬರು ಮುಂದೆ ನಡೀತಾರೆ, ಮಿಕ್ಕವರು ಹಿಂದೆ. ದೊಡ್ಡ ಗಡಿಯಾರ, ಚಾಮರಾಜ ವೃತ್ತ, ಅರಮನೆ, ಕೆ.ಆರ್. ವೃತ್ತ, ದೇವರಾಜ ಮಾರುಕಟ್ಟೆ, ಹೀಗೆ ಕಟ್ಟಡದಿಂದ ಕಟ್ಟಡಕ್ಕೆ. ಯಾವ ಕಮಾನು ಯಾವ ಶೈಲಿಯದು, ಯಾವ ಗೋಪುರ ಯಾವ ಮಹಾರಾಜರ ಕಾಲದ್ದು, ಎಲ್ಲ ವಿವರ ಸಿಗುತ್ತೆ. ಜೊತೆಗೆ ಟಾಂಗಾ ಸವಾರಿಯೂ ಆಗಿದೆ. ಗಂಡ ಮೈಸೂರು ಪೇಟ ಇಟ್ಟು, ಹೆಂಡತಿ ರೇಷ್ಮೆ ಸೀರೆ ಉಟ್ಟು, ಜೋಡಿಯಾಗಿ ಕೂತು ಬೀದಿ ಸುತ್ತಿದ್ದಾರೆ. ಮಾರನೆ ದಿನ ಪತ್ರಿಕೆಯಲ್ಲಿ ಫೋಟೋ ಬಂದಿದೆ.

ನಾವು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಕಡೆಯ ಜನ. ಈಚೆಗೆ ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರೆ ತಾಲೂಕಾದವು. ಆದರೂ ನಮ್ಮ ಬಾಯಲ್ಲಿ ಇವು ನಾಲ್ಕೇ ತಾಲೂಕು. ನಮಗೆ ಮೈಸೂರು ಅಂದರೆ ಆಸ್ಪತ್ರೆ, ಕೋರ್ಟು, ಹಾಸ್ಟೆಲು, ಗಾರೆ ಕೆಲಸ. ನಮ್ಮವರು ಈ ಕಟ್ಟಡಗಳ ಮುಂದೆ ನಡೆದದ್ದು ಪರಂಪರೆ ನೋಡೋಕೆ ಅಲ್ಲ, ಕೆಲಸ ಹುಡುಕಿಕೊಂಡು. ಈ ಸಲ ನಾವೂ ಅದೇ ದಾರಿಯಲ್ಲಿ ಪರಂಪರೆ ಅಂತ ಏನು ತೋರಿಸುತ್ತಾರೋ ನೋಡೋಣ ಅಂತ ನಡೆದೆವು. ನೋಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸಿತು. ಈ ಕಟ್ಟಡಗಳಲ್ಲಿ ಒಂದೊಂದರ ಬಾಗಿಲಿಂದಲೂ ನಮ್ಮ ಒಂದೊಂದು ತಾಲೂಕಿಗೆ ದಾರಿ ಹೋಗುತ್ತೆ. ಆ ದಾರಿಯನ್ನು ಯಾರೂ ತೋರಿಸುವುದಿಲ್ಲ.

ನಡಿಗೆ ಶುರುವಾಗುವ ಪುರಭವನವನ್ನೇ ತಗೊಳ್ಳಿ. ರಂಗಾಚಾರ್ಲು ಸ್ಮಾರಕ, 1884ರ ಕಟ್ಟಡ. ದಿವಾನ್ ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ದೇಶದ ಸಂಸ್ಥಾನಗಳಲ್ಲೇ ಅಂಥ ಸಭೆ ಮೊದಲನೆಯದು ಅಂತ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಸುಳ್ಳಲ್ಲ. ಆದರೆ ಆ ಸಭೆಯಲ್ಲಿ ಕೂತ ಪ್ರಜೆ ಯಾರು? ಮೊದಲ ಸಭೆಗೆ 144 ಪ್ರತಿನಿಧಿಗಳು. ತಾಲೂಕಿಗೆ ಒಬ್ಬರೋ ಇಬ್ಬರೋ ಪ್ರಭಾವ ಉಳ್ಳ ಹಿಡುವಳಿದಾರರು, ಅವರ ಜೊತೆಗೆ ವರ್ತಕರು. ಅಂದರೆ ನಮ್ಮ ತಾಲೂಕುಗಳ ಪರವಾಗಿ ಮಹಾರಾಜರ ಎದುರು ಕೂತವರು ಭೂಮಿ ಇದ್ದವರು. ಆ ಭೂಮಿಯನ್ನು ಉತ್ತವರು, ಅವರ ಕೊಟ್ಟಿಗೆ ಬಾಚಿದವರು, 'ಬುದ್ಧಿ' ಅಂತ ಕೈಕಟ್ಟಿ ದೂರ ನಿಂತವರು ಆ ಲೆಕ್ಕದಲ್ಲಿ ಬರಲಿಲ್ಲ. ಪ್ರಜೆ ಅನ್ನುವ ಮಾತಿನೊಳಗೆ ಕೇರಿ ಸೇರಿರಲಿಲ್ಲ. ಇವತ್ತು ಅದೇ ಪುರಭವನದ ಮುಂದೆ ಬಾಬಾಸಾಹೇಬರ ಪ್ರತಿಮೆ ನಿಂತಿದೆ. ಅನ್ಯಾಯ ಆದವರು ಧರಣಿ ಕೂರೋದು ಅಲ್ಲೇ. ಕಟ್ಟಡದ ಚರಿತ್ರೆ 1884ಕ್ಕೆ ಮುಗಿಯಲಿಲ್ಲ ಅಂತ ಅರ್ಥ. ಆದರೆ ವಿವರಣೆ ಗೋಡೆ, ಕಂಬಗಳ ವಯಸ್ಸು ಹೇಳಿ ಮುಂದಕ್ಕೆ ಹೋಗುತ್ತೆ.

ಪಕ್ಕದಲ್ಲೇ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಎದ್ದದ್ದು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಾವು ನಾಲ್ವಡಿಯವರ ಋಣ ಮರೆಯುವವರಲ್ಲ. ಪಂಚಮರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚಕೂಡದು ಅಂತ 1915ರಲ್ಲಿ ಆದೇಶ ಬಂದದ್ದು ಅವರ ಕಾಲದಲ್ಲಿ. ಕೇರಿ ಮಕ್ಕಳು ಬಂದು ಕೂತರು ಅಂತ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿಕೊಂಡು ಹೋದಾಗಲೂ ಸರ್ಕಾರ ಆ ನೀತಿಯನ್ನು ಕೈಬಿಡಲಿಲ್ಲ. 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಿ, ಸರ್ಕಾರಿ ಉದ್ಯೋಗದಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕು ಅನ್ನುವ ಮಾತು ಕಾಗದಕ್ಕೆ ಇಳಿದದ್ದೂ ಆಗಲೇ. ಈ ಸಂಗತಿಗಳನ್ನು ಗಡಿಯಾರದ ಕೆಳಗೆ ನಿಂತು ಹೇಳಿದರೆ ರಾಜರ ಮರ್ಯಾದೆ ಹೆಚ್ಚುತ್ತೇ ಹೊರತು ಕಮ್ಮಿ ಆಗೋದಿಲ್ಲ. ಆದರೆ ಹೇಳಬೇಕಾದರೆ ಶಾಲೆಯ ಬಾಗಿಲು ಮುಚ್ಚಿದ್ದವರು ಯಾರು ಅಂತಲೂ ಹೇಳಬೇಕಾಗುತ್ತೆ. ಆ ತಾಪತ್ರಯ ಬೇಡ ಅಂತ ಗಡಿಯಾರದ ಎತ್ತರ ಹೇಳಿ ಮುಗಿಸುತ್ತಾರೆ.

ಅರಮನೆಗೆ ಬನ್ನಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಅನ್ನುವವರ ನಕ್ಷೆಯಂತೆ ಹೊಸದು 1912ಕ್ಕೆ ಮುಗಿಯಿತು. ಖರ್ಚು 41 ಲಕ್ಷ ಚಿಲ್ಲರೆ ರೂಪಾಯಿ. ಇಷ್ಟನ್ನೂ ಬಾಯಿಪಾಠ ಒಪ್ಪಿಸುತ್ತಾರೆ. ಆ 41 ಲಕ್ಷ ಎಲ್ಲಿಂದ ಬಂತು? ಸಂಸ್ಥಾನದ ಬೊಕ್ಕಸ ತುಂಬುವುದು ಕಂದಾಯದಿಂದ, ಕಾಡಿನ ಉತ್ಪನ್ನದಿಂದ, ಗಣಿಯಿಂದ. ಕಲ್ಲು ಹೊತ್ತವನ, ಗಾರೆ ಕಲೆಸಿದವಳ ಹೆಸರು ಯಾವ ಫಲಕದ ಮೇಲೂ ಇಲ್ಲ. ಇರ್ವಿನ್ ಹೆಸರು ಎಲ್ಲರ ನಾಲಗೆ ಮೇಲಿದೆ.

ಅರಮನೆಯ ಆಯುಧಶಾಲೆಯಲ್ಲಿ ರಣಧೀರ ಕಂಠೀರವ ನರಸರಾಜರ ಹೆಸರಿನ ಆಯುಧ ಇದೆ. 1640ರ ದಶಕದಲ್ಲಿ ಪಿರಿಯಾಪಟ್ಟಣವನ್ನು ಗೆದ್ದು ಮೈಸೂರಿಗೆ ಸೇರಿಸಿದವರು ಅವರೇ. ಅದಕ್ಕೆ ಮುಂಚೆ ಪಿರಿಯಾಪಟ್ಟಣ ಚೆಂಗಾಳ್ವರ ರಾಜಧಾನಿ. ಪಿರಿಯಾಪಟ್ಟಣದ ಕಾಳಗ ಅಂದರೆ ನಮ್ಮ ಕಡೆ ಇವತ್ತಿಗೂ ಕತೆ. ಕೋಟೆ, ಕಂದಕದ ಗುರುತು ಇನ್ನೂ ಅಲ್ಲಿದೆ. ಆ ಕೋಟೆಯ ಚರಿತ್ರೆಯಲ್ಲಿ ನಾವು ಕಲಿಯಬೇಕಾದ ಪಾಠ ಒಂದಿದೆ. ಚೆಂಗಾಳ್ವರು ಹೋಗಿ ಒಡೆಯರು ಬಂದರು. ಆಮೇಲೆ ಹೈದರ್, ಟಿಪ್ಪು ಬಂದರು. ಅವರಾದ ಮೇಲೆ ಕಂಪನಿಯವರು, ಕಮಿಷನರು, ಮತ್ತೆ ಒಡೆಯರು. ಅರಮನೆ ಮೇಲಿನ ಬಾವುಟ ಇಷ್ಟು ಸಲ ಬದಲಾಯಿತು. ಹೊಲಗೇರಿ, ಮಾದಿಗರ ಕೇರಿ ಮಾತ್ರ ಊರಾಚೆ ಇದ್ದಲ್ಲೇ ಇದ್ದವು. ರಾಜರ ಚರಿತ್ರೆ ಓದಿದರೆ ಎಲ್ಲಾ ಬದಲಾಯಿತು ಅನ್ನಿಸುತ್ತೆ. ಕೇರಿಯ ಕಡೆಯಿಂದ ಓದಿದರೆ ಯಾವುದು ಬದಲಾಗಲಿಲ್ಲ ಅನ್ನೋದು ಕಾಣುತ್ತೆ.

ಇನ್ನು ಆನೆ. ಆನೆ ಇಲ್ಲದೆ ದಸರೆ ಉಂಟೇ? 750 ಕಿಲೋ ಅಂಬಾರಿ ಹೊರುವ ಆನೆ ಹೊರಡುವುದು ನಮ್ಮ ಹುಣಸೂರು ತಾಲೂಕಿನ ವೀರನಹೊಸಹಳ್ಳಿಯಿಂದ. ಮಂತ್ರಿಗಳು ಬಂದು ಪೂಜೆ ಮಾಡಿ ಗಜಪಯಣ ಅಂತ ಕಳಿಸಿಕೊಡುತ್ತಾರೆ. ಆ ಆನೆಗಳನ್ನು ಸಾಕಿ ಪಳಗಿಸುವ ಮಾವುತರು, ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು. ಹೆಗ್ಗಡದೇವನಕೋಟೆ ತಾಲೂಕಿನ ಕಾಕನಕೋಟೆಯಲ್ಲಿ ಹತ್ತೊಂಬತ್ತನೆ ಶತಮಾನದ ಕೊನೆಯಿಂದ ಖೆಡ್ಡಾ ನಡೀತಿತ್ತು. ಕಾಡಾನೆ ಹಿಂಡನ್ನು ತಮಟೆ ಬಡಿದು, ಪಂಜು ಹಿಡಿದು, ಕಬಿನಿ ಹೊಳೆಗೆ ಇಳಿಸಿ, ದಾಟಿಸಿ, ಕಂದಕ ತೋಡಿ ಕಟ್ಟಿದ ದೊಡ್ಡಿಯೊಳಕ್ಕೆ ನುಗ್ಗಿಸಬೇಕು. ವೈಸರಾಯಿಗಳು, ದೊರೆಗಳು ಅಟ್ಟಣೆ ಮೇಲೆ ಕೂತು ನೋಡೋರು. ಆನೆಯ ಕಾಲಡಿಗೆ ಸಿಕ್ಕಿದರೆ ಸಿಗುವವರು ಕೆಳಗಿದ್ದ ಕಾಡು ಜನ. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ಕ್ಕೆ ಕಬಿನಿ ಅಣೆಕಟ್ಟು ಮುಗಿದು ಖೆಡ್ಡಾ ನಡೆದ ನೆಲವೂ ಹಾಡಿಗಳೂ ನೀರಿನಡಿ ಹೋದವು. ಉಳಿದ ಕಾಡು ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನೊಳಗಿದ್ದವರನ್ನು ಹೊರಗೆ ತಂದು ಹುಣಸೂರಿನ ನಾಗಾಪುರದಂಥ ಕಡೆ ಕೂರಿಸಿದರು. 1990ರ ದಶಕದಲ್ಲಿ ಅದೇ ನಾಗರಹೊಳೆಯೊಳಗೆ ಹೋಟೆಲ್ ಕಟ್ಟಲು ಹೊರಟಾಗ ಆದಿವಾಸಿಗಳೇ ಬೀದಿಗಿಳಿದು, ಕೋರ್ಟಿಗೂ ಹೋಗಿ ನಿಲ್ಲಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಹಿಡಿದುಕೊಂಡು ಆಫೀಸು ಅಲೆಯುವುದು ಇನ್ನೂ ಮುಗಿದಿಲ್ಲ.

ದಸರೆ ಹೊತ್ತಿಗೆ ಮಾವುತರ ಸಂಸಾರಗಳು ಅರಮನೆ ಆವರಣದ ಶೆಡ್ಡುಗಳಲ್ಲಿ ಇರುತ್ತವೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಸುತ್ತಾರೆ. ಬಂದವರು ಆನೆಯ ತೂಕ ಎಷ್ಟು, ಏನು ತಿನ್ನುತ್ತೆ ಅಂತ ಕೇಳುತ್ತಾರೆ. ಆನೆ ಹೆಸರು ಮೈಸೂರಿನ ಮಕ್ಕಳಿಗೆಲ್ಲ ಗೊತ್ತು. ಆನೆ ಮೇಲೆ ಕೂತ ಮಾವುತನ ಊರು ಯಾವುದು, ಅವನ ಹಾಡಿಗೆ ಕರೆಂಟು ಇದೆಯೋ ಇಲ್ಲವೋ, ಕೇಳುವವರು ಎಷ್ಟು ಜನ? ಅವರೂ ಅರಮನೆಯ ಪರಂಪರೆ ಅಲ್ಲವೇ?

ಅರಮನೆ ದಾಟಿದರೆ ಕೆ.ಆರ್. ವೃತ್ತ. ಅಲ್ಲಿ ನಿಂತಿರುವ ನಾಲ್ವಡಿಯವರ ಹೆಸರಿನಲ್ಲೇ ನಮ್ಮ ಕೃಷ್ಣರಾಜನಗರ ಇರೋದು. ಕಾವೇರಿ ದಡದ ಎಡತೊರೆ ಪ್ರವಾಹದ ಪೆಟ್ಟು ತಿಂದ ಮೇಲೆ, 1920ರ ದಶಕದಲ್ಲಿ ಎತ್ತರದ ಜಾಗದಲ್ಲಿ ನಕ್ಷೆ ಬರೆದು ಕಟ್ಟಿದ ಊರು ಅದು. ಅಗಲವಾದ ನೇರ ಬೀದಿಗಳು. ಅರ್ಕೇಶ್ವರ ಹಳೇ ಎಡತೊರೆಯಲ್ಲಿ ಹೊಳೆ ದಡದಲ್ಲೇ ಉಳಿದ, ಊರು ಮೇಲಕ್ಕೆ ಬಂತು. ನಕ್ಷೆ ಬರೆದವರ, ಅಪ್ಪಣೆ ಕೊಟ್ಟವರ ಹೆಸರು ದಾಖಲೆಗೆ ಸೇರುತ್ತೆ. ಹೊಸ ಬೀದಿಗೆ ಮಣ್ಣು ಹೊತ್ತವರು, ಚರಂಡಿ ತೋಡಿದವರು ದಿನದ ಕೂಲಿ ತಗೊಂಡು ಮನೆಗೆ ಹೋದರು. ಮೈಸೂರಿನ ಬಡಾವಣೆಗಳ ಕತೆಯೂ ಇದೇ. ಅದನ್ನು ಮುಂದೆ ಹೇಳ್ತೀವಿ.

ಟಾಂಗಾ ಸವಾರಿಯ ವಿಷಯ ಬಿಟ್ಟಿದ್ದೆವು. ಟಾಂಗಾ ಹೊಡೆಯುವವರು ಬಹುಪಾಲು ಬಡ ಮುಸ್ಲಿಮರು. ಅವರೂ ಮೈಸೂರಿನ ಪರಂಪರೆಯೇ. ವರ್ಷದ ಮಿಕ್ಕ ದಿನ ಹುಲ್ಲು ಹುರುಳಿಗೆ ಪರದಾಡುವ ಪರಂಪರೆ. ಕುದುರೆಯ ಕೊರಳಿಗೆ, ಬೆನ್ನಿಗೆ ಬಿಗಿದ ಚರ್ಮದ ಪಟ್ಟಿ ನೋಡಿದಾಗ ನಮಗೆ ಹುಣಸೂರು ನೆನಪಾಗುತ್ತೆ. ಹತ್ತೊಂಬತ್ತನೆ ಶತಮಾನದಲ್ಲಿ ಹುಣಸೂರು ಕಂಪನಿ ಸೈನ್ಯದ ಉಗ್ರಾಣ. ಅಮೃತಮಹಲ್ ದನಗಳ ಕೇಂದ್ರ ಕಚೇರಿ ಅಲ್ಲಿತ್ತು. ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಡ್ಡೆ ಇದ್ದವು. 1860ರ ದಶಕದಲ್ಲಿ ಸರ್ಕಾರಿ ಕಾರ್ಖಾನೆಗಳು ಮುಚ್ಚಿದ ಮೇಲೂ ಅಲ್ಲಿ ಕಲಿತ ಕೈಗಳು ಬೂಟು, ಚರ್ಮದ ಚೀಲ, ಗಾಡಿ ಮಾಡುವುದನ್ನು ಬಿಡಲಿಲ್ಲ. ಅಂದರೆ ದೊರೆಗಳ ಸೈನ್ಯ ನಮ್ಮ ಸೀಮೆಯ ಚರ್ಮ ತೊಟ್ಟುಕೊಂಡು ನಡೆಯಿತು. ಸತ್ತ ದನ ಹೊತ್ತು, ಸುಲಿದು, ತಂಗಡಿ ಚಕ್ಕೆಯ ನೀರಿನಲ್ಲಿ ನೆನೆಹಾಕಿ ಹದ ಮಾಡುವ ವಿದ್ಯೆ ಮಾದಿಗರದು. ಆ ವಿದ್ಯೆಯಿಂದ ಬಂದ ಬೂಟು ಎಲ್ಲರಿಗೂ ಬೇಕಾಯಿತು. ವಿದ್ಯೆ ಬಲ್ಲವನನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದರು. ಅವನೇ ಊರೊಳಗೆ ಮೆಟ್ಟು ಹಾಕಿಕೊಂಡು ನಡೆಯಕೂಡದು ಅಂತಲೂ ಕಟ್ಟು ಮಾಡಿದರು. ಕಮಾನಿನ ಕಲೆಗೆ ಪರಂಪರೆ ಅಂತಾರೆ. ತೊಗಲಿನ ಕಲೆಗೆ ಇಟ್ಟ ಹೆಸರು ಮೈಲಿಗೆ.

ಮಾರುಕಟ್ಟೆ ಕಡೆ ಬಂದರೆ ಅಲ್ಲಿ ಬೇರೆ ಚಿಂತೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆ ಉದುರಿತು. ಕೆಡವಬೇಕೋ ಉಳಿಸಬೇಕೋ ಅಂತ ವಾದ ಹೈಕೋರ್ಟಿನವರೆಗೂ ಹೋಯಿತು. ನಾವು ಕಟ್ಟಡ ಕೆಡವಿ ಅನ್ನುವ ಗುಂಪಿನವರಲ್ಲ. ಹಳೆಯದು ಉಳೀಲಿ. ಆದರೆ ಮಾರುಕಟ್ಟೆ ಅಂದರೆ ಗೋಡೆಯಷ್ಟೇ ಅಲ್ಲ. ಬೆಳಗಿನ ಜಾವ ಮೂಟೆ ಇಳಿಸುವವರು, ಹೂವು ಕಟ್ಟುವವರು, ಬೀದಿಯಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರುವ ಹಳ್ಳಿ ಹೆಂಗಸರು, ಇವರೆಲ್ಲ ಸೇರಿದರೆ ಮಾರುಕಟ್ಟೆ. ಕಟ್ಟಡ ರಿಪೇರಿ ಆಗಿ, ಇವರನ್ನು 'ಅಂದ ಕೆಡುತ್ತೆ' ಅಂತ ಆಚೆ ಅಟ್ಟಿದರೆ ಉಳಿದದ್ದು ಯಾವ ಪರಂಪರೆ?

ಅಲ್ಲಿಂದ ಹತ್ತಿರವೇ ದೇವರಾಜ ಅರಸು ರಸ್ತೆ. ಹೊಳೆಯುವ ಅಂಗಡಿಗಳ ಸಾಲು. ಆ ಬೋರ್ಡಿನ ಹೆಸರಿನ ಮನುಷ್ಯ ನಮ್ಮ ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು. ಅವರು ಮುಖ್ಯಮಂತ್ರಿ ಆಗಿದ್ದಾಗ ತಿದ್ದುಪಡಿಯಾದ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಒಡೆಯ ಅನ್ನುವ ಮಾತಿಗೆ ಕಾನೂನಿನ ಬಲ ಬಂತು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಗೇಣಿ ಚೀಟಿಯೂ ಇಲ್ಲದ ಜೀತಗಾರ, ಕೂಲಿಯವನ ಪಾಲಿಗೆ ಬಂದದ್ದು ಕಮ್ಮಿ. ಅವನು ಹೆಚ್ಚಾಗಿ ದಲಿತ. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಕೈ ತಪ್ಪದ ಹಾಗೆ ಬೇರೆ ಕಾಯ್ದೆ 1978ರಲ್ಲಿ ಬರಬೇಕಾಯಿತು. ಗೆಲುವೂ ಕೊರತೆಯೂ ಎರಡೂ ಚರಿತ್ರೆಯೇ.

ಈಗ ಹಿತ್ತಲ ಗಲ್ಲಿಗೆ ಬರೋಣ. ಮೈಸೂರಿನ ಚರಿತ್ರೆಯನ್ನು ನಮ್ಮ ಪ್ರಕಾರ ಇಲ್ಲಿಂದಲೇ ಶುರು ಮಾಡಬೇಕು. 1898ರ ಪ್ಲೇಗಿನ ಹೊಡೆತದ ಮೇಲೆ ನಗರ ಹಿಗ್ಗಿತು. 1903ರಲ್ಲಿ ನಗರಾಭಿವೃದ್ಧಿ ಮಂಡಳಿ ಬಂತು. ಹೊಸ ಹೊಸ ಬಡಾವಣೆ, ಗಾಳಿ ಬೆಳಕಿನ ಬೀದಿ. ಯೋಜನೆ ಹಾಕಿ ಕಟ್ಟಿದ ನಗರ ಅಂತ ಮೈಸೂರಿಗೆ ಹೆಸರು. ಆ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು ತಾಗುವ ಕಡೆ ಒಂದು ಸಣ್ಣ ಓಣಿ ಬಿಟ್ಟಿದ್ದಾರೆ. ಕನ್ಸರ್ವೆನ್ಸಿ ಗಲ್ಲಿ ಅಂತಾರೆ. ಯಾಕೆ ಬಿಟ್ಟರು? ಮನೆಯ ಕಕ್ಕಸು ಹಿತ್ತಲಲ್ಲಿ. ಅದರ ಹಿಂದೆ ಗಲ್ಲಿಗೆ ತೆರೆಯುವ ಸಣ್ಣ ಕಿಂಡಿ. ಬೆಳಗಾಗುವ ಮುಂಚೆ ಜಾಡಮಾಲಿ ಬಂದು, ಕಿಂಡಿಯೊಳಗೆ ಕೈ ಹಾಕಿ, ಮಲದ ಡಬ್ಬ ಎಳೆದು, ಹೊತ್ತುಕೊಂಡು ಹೋಗಬೇಕು. ಮನೆಯವರ ಮುಖ ಅವನಿಗೆ ಕಾಣಬಾರದು, ಅವನ ಮುಖ ಮನೆಯವರಿಗೆ ಕಾಣಬಾರದು. ಜಾತಿಯನ್ನು ಶಾಸ್ತ್ರದಲ್ಲಿ ಬರೆದದ್ದು ಓದಿದ್ದೇವೆ. ಇಲ್ಲಿ ಅದನ್ನು ನಕ್ಷೆಯಲ್ಲೇ ಬರೆದಿದ್ದಾರೆ, ಅಡಿ ಲೆಕ್ಕದಲ್ಲಿ. ಆ ಗಲ್ಲಿಗಳು ಎಷ್ಟೋ ಕಡೆ ಇನ್ನೂ ಇವೆ. ಕಮಾನು ನೋಡೋಕೆ ಬಂದವರನ್ನು ಒಂದು ದಿನವಾದರೂ ಅಲ್ಲಿ ನಿಲ್ಲಿಸಿ, ಇದು ಏನು ಅಂತ ಹೇಳಿದ್ದಾರಾ?

ಈ ಗಲ್ಲಿಯಿಂದ ನೇರ ಒಂದು ದಾರಿ ನಮ್ಮ ಚಳವಳಿಗೆ ಬರುತ್ತೆ. ಅರಸು ಮಂತ್ರಿಮಂಡಲದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಎಂಥಾ ಗಲಾಟೆ ಆಯಿತು! ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಮಲ ಹೊರಿಸಿದ್ದಕ್ಕೆ ಯಾರೂ ಬೀದಿಗ ಇಳಿದಿರಲಿಲ್ಲ. ಒಂದು ಮಾತಿಗೆ ಬೀದಿ ತುಂಬಿತು. ಆ ಏಟು ತಿಂದ ಹುಡುಗರೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಸೇರಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಕನ್ನಡದ ದಿಕ್ಕು ತಿರುಗಿಸಿದ ಆ ಮಾತು ಈ ಊರಿನಲ್ಲಿ ಬಂತು ಅನ್ನುವುದಕ್ಕೆ ಪಾರಂಪರಿಕ ದಾರಿಯಲ್ಲಿ ಒಂದು ಸಾಲಿನ ಫಲಕವೂ ಇಲ್ಲ. 2016ರಲ್ಲಿ ಸ್ವಚ್ಛ ನಗರ ಅಂತ ಮೈಸೂರು ದೇಶಕ್ಕೇ ಮೊದಲು ಬಂದಾಗ ಹಾರ ಬಿದ್ದದ್ದು ಊರಿನ ಕೊರಳಿಗೆ. ಪೊರಕೆ ಹಿಡಿದ ಪೌರಕಾರ್ಮಿಕರ ಜಾತಿ ಯಾವುದು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಡಿಗೆ ಎಲ್ಲಿ ನಿಲ್ಲುತ್ತೋ ಅಲ್ಲಿಂದ ದಕ್ಷಿಣಕ್ಕೆ, ರೈಲ್ವೆ ವರ್ಕ್‌ಶಾಪಿನ ಕಡೆ ಹೋದರೆ ಅಶೋಕಪುರಂ. ಹಿಂದೆ ಆದಿಕರ್ನಾಟಕಪುರ. ಹೆಸರಿನ ಚರಿತ್ರೆಯೇ ಸಾಕು. ಹೊಲೆಯ ಅನ್ನುವುದನ್ನು ಕಿತ್ತು ಆದಿ ಕರ್ನಾಟಕ ಅಂತ ಕರೆದುಕೊಂಡರು: ಈ ನೆಲಕ್ಕೆ ನಾವು ಮೊದಲಿಗರು ಅಂತ. ಆಮೇಲೆ ಬುದ್ಧನ ದಾರಿ ಹಿಡಿದ ಚಕ್ರವರ್ತಿಯ ಹೆಸರು ಇಟ್ಟುಕೊಂಡರು. ಒಂದು ಕೇರಿ ತನ್ನ ಹೆಸರನ್ನು ತಾನೇ ಬರೆದುಕೊಂಡದ್ದಕ್ಕಿಂತ ದೊಡ್ಡ ಪರಂಪರೆ ಬೇಕೇ? ನಮ್ಮ ನಾಲ್ಕು ತಾಲೂಕಿನಿಂದ ಓದೋಕೆ ಬಂದ ಎಷ್ಟೋ ಹುಡುಗರಿಗೆ ಒಂದು ಹೊತ್ತಿನ ಮುದ್ದೆ ಹಾಕಿದ್ದು ಇಲ್ಲಿನ ನೆಂಟರ ಮನೆ. ಏಪ್ರಿಲ್ 14 ಬಂತೆಂದರೆ ಇಲ್ಲಿಂದ ಹೊರಡುವ ಮೆರವಣಿಗೆಗೆ ಪೇಟ ಬೇಡ, ಟಾಂಗಾ ಬೇಡ.

ಪಾರಂಪರಿಕ ಅನ್ನುವ ಪಟ್ಟ ಬರೀ ಗೌರವದ ಮಾತಲ್ಲ. ಪಟ್ಟಿಗೆ ಸೇರಿದ ಕಟ್ಟಡಕ್ಕೆ ದುಡ್ಡು ಬರುತ್ತೆ, ಕೆಡವಬೇಕಾದರೆ ನೂರು ಸಲ ಯೋಚಿಸುತ್ತಾರೆ. ಪಟ್ಟಿಗೆ ಸೇರದ ಕೇರಿಯನ್ನು ರಸ್ತೆ ಅಗಲಕ್ಕೋ ಹೊಸ ಯೋಜನೆಗೋ ಒಂದು ನೋಟೀಸಿನಲ್ಲಿ ಎತ್ತಬಹುದು. ಪಟ್ಟಿಯ ಚರಿತ್ರೆಯೇ ಪಠ್ಯಕ್ಕೂ ಹೋಗುತ್ತೆ. ಓದಿದ ನಮ್ಮ ಮಕ್ಕಳು ನಮ್ಮದೇನೂ ಇಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ಈ ಜಗಳ.

ಇಲಾಖೆಯವರಲ್ಲಿ ನಾವು ಕೇಳುವುದು ದೊಡ್ಡದೇನಲ್ಲ. ಇರುವ ದಾರಿಗೆ ಎರಡು ನಿಲ್ದಾಣ ಸೇರಿಸಿ: ಒಂದು ಕನ್ಸರ್ವೆನ್ಸಿ ಗಲ್ಲಿ, ಇನ್ನೊಂದು ಅಶೋಕಪುರಂ. ಅಲ್ಲಿ ವಿವರ ಹೇಳುವುದಕ್ಕೆ ಅಲ್ಲಿನವರನ್ನೇ ನಿಲ್ಲಿಸಿ. ನಮ್ಮ ಹುಡುಗ ಹುಡುಗಿಯರಲ್ಲಿ ಕೇಳುವುದು ಸ್ವಲ್ಪ ಕಷ್ಟದ್ದು. ಯಾರಾದರೂ ಬಂದು ನಿಮ್ಮ ಚರಿತ್ರೆ ಬರೀತಾರೆ ಅಂತ ಕಾಯಬೇಡಿ. ಹುಣಸೂರಿನಲ್ಲಿ ತೊಗಲು ಹದ ಮಾಡಿದ ಮನೆತನಗಳು, ಪಿರಿಯಾಪಟ್ಟಣದ ಕೋಟೆಯ ಬದಿಯ ಕೇರಿ, ಎಡತೊರೆಯಿಂದ ಮೇಲೆ ಬಂದವರ ಮಕ್ಕಳು, ಕಬಿನಿ ನೀರಿಗೆ ಹಾಡಿ ಬಿಟ್ಟವರು, ಇವರಲ್ಲಿ ಕಂಡವರು ಕೇಳಿದವರು ಇನ್ನೂ ಕೆಲವರು ಬದುಕಿದ್ದಾರೆ. ಜಗಲಿ ಮೇಲೆ ಕೂತು, ಅಜ್ಜಿ ಹೇಳವ್ವ, ತಾತ ಹೇಳಪ್ಪ ಅಂತ ಕೇಳಿ. ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ. ಊರಿನ ಬಾವಿ ಯಾರು ತೋಡಿದರು, ಯಾರಿಗೆ ನೀರು ಕೊಡಲಿಲ್ಲ, ಮೊದಲು ಶಾಲೆಗೆ ಹೋದವರು ಯಾರು, ಎಲ್ಲಿ ಕೂತರು, ಇಷ್ಟು ಸಾಕು ಶುರು ಮಾಡೋಕೆ. ಅಜ್ಜ ಅಜ್ಜಿಯರು ಕಣ್ಣು ಮುಚ್ಚಿದ ಮೇಲೆ ಉಳಿಯೋದು ಗಡಿಯಾರದ ಗೋಪುರದ ಚರಿತ್ರೆ ಮಾತ್ರ.